ಟಿಕೆಟ್ ನಮ್ಮದು, ಸಂಜೆ ಎಲ್ಲರದು

2025ರ ಜನವರಿಯ ಒಂದು ಶನಿವಾರ. ಚೆನ್ನೈನಲ್ಲಿ ಜನವರಿ ಎಂದರೆ ಬೆವರು ಸ್ವಲ್ಪ ಕಡಿಮೆ ಎಂದಷ್ಟೇ ಅರ್ಥ. ನಗರದ ಒಂದು ಬಯಲಿನಲ್ಲಿ ರಾಕ್ ಕಾರ್ಯಕ್ರಮವಿತ್ತು. ತಂಡ ಬೆಂಗಳೂರಿನದು. ಆಫೀಸಿನ ಆರು ಜನ ಕನ್ನಡಿಗರು, ಜೊತೆಗೆ ನನ್ನ ಹೆಂಡತಿ, ಸಂಜೆ ಐದಕ್ಕೇ ಹೋಗಿ ನಿಂತಿದ್ದೆವು.

ನಾಲ್ಕನೇ ಹಾಡು ಮುಗಿಯಿತು. ಗಾಯಕ ಮೈಕ್ ಹಿಡಿದು ಮೆಲ್ಲಗೆ ಏನೋ ಹೇಳಲು ಶುರು ಮಾಡಿದ. ನಮ್ಮ ಗುಂಪಿನಿಂದ ‘ಕನ್ನಡ... ಕನ್ನಡ...’ ಎಂಬ ಕೂಗು ಎದ್ದಿತು. ನಾನೂ ಗಂಟಲು ಹರಿಯುವಂತೆ ಕೂಗಿದೆ. ಗಾಯಕ ನಕ್ಕು, ಮಾತನ್ನು ಅರ್ಧಕ್ಕೇ ಬಿಟ್ಟು, ಡ್ರಮ್ಮರ್ ಕಡೆ ಸನ್ನೆ ಮಾಡಿ ಮುಂದಿನ ಹಾಡಿಗೆ ಹೋದ. ನಮ್ಮ ಮುಂದೆ ನಿಂತಿದ್ದ ಐವತ್ತರ ಆಸುಪಾಸಿನ ಒಬ್ಬರು ಹಿಂತಿರುಗಿ, ಕೋಪವೇನೂ ಇಲ್ಲದೆ, ತಮಿಳಿನಲ್ಲಿ ಹೇಳಿದರು: ‘ಸ್ವಲ್ಪ ತಾಳಬಹುದಿತ್ತು ಸಾರ್. ಅವರು ತಮ್ಮ ಗುರುಗಳ ಬಗ್ಗೆ ಹೇಳ್ತಾ ಇದ್ರು.’

ಆರನೆಯದು ಕನ್ನಡ ಹಾಡೇ ಆಗಿತ್ತು. ನಾವು ಕೂಗಿದ್ದಕ್ಕೆ ಬಂದದ್ದಲ್ಲ, ಅವರ ಪಟ್ಟಿಯಲ್ಲಿ ಮೊದಲೇ ಇತ್ತು. ಗುರುಗಳ ಮಾತು ಮಾತ್ರ ಮತ್ತೆ ಬರಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ದುಡ್ಡು ಕೊಟ್ಟು ಸಂಗೀತ ಕೇಳಲು ಹೋದ ನಾವು ಒಬ್ಬರಿಗೊಬ್ಬರು ಏಕೆ ಅಡ್ಡಿಯಾಗುತ್ತೇವೆ? ‘ನಮ್ಮ ಜನಕ್ಕೆ ಶಿಸ್ತಿಲ್ಲ’ ಎಂಬ ಉತ್ತರ ಸುಲಭ. ಆದರೆ ಅದು ಅರ್ಧ ಉತ್ತರ ಮಾತ್ರ.

ಬಹಳ ಕಾಲ ಚೆನ್ನೈನಲ್ಲಿ ರಾಕ್ ಎಂದರೆ ಐಐಟಿ ಮದ್ರಾಸಿನ ಸಾರಂಗ್ ಉತ್ಸವ, ಅಲ್ಲಿನ ಬಯಲು ರಂಗಮಂದಿರ, ವಿದ್ಯಾರ್ಥಿಗಳ ಗದ್ದಲ. ಈಗ ಹಾಗಿಲ್ಲ. 2025ರ ಫೆಬ್ರವರಿ 5ರಂದು ನಂದನಂನ ವೈಎಂಸಿಎ ಮೈದಾನದಲ್ಲಿ ಎಡ್ ಶೀರನ್ ಹಾಡಿದಾಗ ಎ.ಆರ್. ರೆಹಮಾನ್ ಕೂಡ ವೇದಿಕೆಗೆ ಬಂದರು. ಇಂಥ ಕಾರ್ಯಕ್ರಮಗಳ ಟಿಕೆಟ್ ಸಾವಿರಗಳ ಲೆಕ್ಕದಲ್ಲಿದೆ. ಕೊಳ್ಳುವವರಲ್ಲಿ ಹಳೆ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಚೇರಿಗಳ ನಮ್ಮಂಥವರೇ ಹೆಚ್ಚು. ಆದ್ದರಿಂದ ಪ್ರೇಕ್ಷಕರ ಮೇಲಿನ ದೂರು ಎಂದರೆ ಬಹುಪಾಲು ನಮ್ಮ ಮೇಲಿನ ದೂರೇ.

ದೂರುಗಳ ಪಟ್ಟಿ ಎಲ್ಲರಿಗೂ ಗೊತ್ತು. ಮೊದಲನೆಯದು ಫೋನು. ಮುಂದಿನವರು ಕೈ ಎತ್ತಿ ಫೋನ್ ಹಿಡಿದರೆ ಹಿಂದಿನವರಿಗೆ ವೇದಿಕೆ ಮುಚ್ಚಿಹೋಗುತ್ತದೆ. ಅವರು ಅದಕ್ಕಿಂತ ಮೇಲೆ ಕೈ ಎತ್ತುತ್ತಾರೆ. ಕೊನೆಗೆ ಹಾಡುಗಾರನನ್ನು ಎಲ್ಲರೂ ಯಾರದೋ ಪರದೆಯಲ್ಲಿ ನೋಡುತ್ತಾರೆ. ಬಾಬ್ ಡಿಲನ್ ಇತ್ತೀಚಿನ ಪ್ರವಾಸಗಳಲ್ಲಿ ಪ್ರೇಕ್ಷಕರ ಫೋನುಗಳನ್ನು ಬೀಗದ ಚೀಲದಲ್ಲಿ ಇಡಿಸುತ್ತಿದ್ದಾರೆ. ಕೋಲ್ಡ್‌ಪ್ಲೇ ತಂಡದ ಗಾಯಕ ನಡುವೆ ಒಂದು ಹಾಡು ನಿಲ್ಲಿಸಿ, ‘ಇದೊಂದಕ್ಕೆ ಫೋನ್ ಜೇಬಿಗೆ ಹಾಕಿ’ ಎಂದು ಕೇಳಿಕೊಳ್ಳುತ್ತಾರೆ. ಎರಡನೆಯದು, ಗೆಳತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರು ಹಾಡು ಇಳಿಸದವರು. ಮೂರನೆಯದು, ನಿಧಾನದ ಹಾಡು ಬಂದೊಡನೆ ಅಪ್ರೈಸಲ್ ಚರ್ಚೆ ಶುರು ಮಾಡುವವರು. ನಾಲ್ಕನೆಯದು, ‘ಫ್ರೆಂಡ್ ಮುಂದೆ ಇದ್ದಾನೆ’ ಎನ್ನುತ್ತಾ ಮೊಣಕೈ ಹಾಕಿ ನುಗ್ಗುವವರು. ಆ ಫ್ರೆಂಡ್ ಇವರಿಗೆ ಎಂದೂ ಸಿಗುವುದಿಲ್ಲ.

ಇವೆಲ್ಲ ಕಿರಿಕಿರಿ. ಕಿರಿಕಿರಿ ಅಪಾಯವಾಗುವುದು ಯಾವಾಗ ಎಂಬುದನ್ನು ಚೆನ್ನೈ 2023ರ ಸೆಪ್ಟೆಂಬರ್ 10ರಂದು ಕಂಡಿತು. ಆಗಸ್ಟ್ 12ರಂದು ನಡೆಯಬೇಕಿದ್ದ ರೆಹಮಾನರ ‘ಮರಕ್ಕುಮಾ ನೆಂಜಂ’ ಕಾರ್ಯಕ್ರಮ ಮಳೆಯಿಂದ ಮುಂದಕ್ಕೆ ಹೋಗಿ, ಆ ಭಾನುವಾರ ಈಸ್ಟ್ ಕೋಸ್ಟ್ ರಸ್ತೆಯ ಪನೈಯೂರಿನಲ್ಲಿ ನಡೆಯಿತು. ಅಲ್ಲಿಗೆ ರೈಲೂ ಇಲ್ಲ, ಮೆಟ್ರೊವೂ ಇಲ್ಲ. ಎಲ್ಲರಿಗೂ ಅದೊಂದೇ ಹೆದ್ದಾರಿ. ಅನುಮತಿ ಪಡೆದ ಸಂಖ್ಯೆಗಿಂತ ಹೆಚ್ಚು ಜನ ಬಂದಿದ್ದರು ಎಂದು ಪೊಲೀಸರು ಹೇಳಿದರು. ದುಬಾರಿ ಟಿಕೆಟ್ ಕೈಯಲ್ಲಿ ಹಿಡಿದವರು ಗೇಟಿನಿಂದಲೇ ವಾಪಸಾದರು. ನೂಕುನುಗ್ಗಲಿನಲ್ಲಿ ಮಕ್ಕಳು ತಂದೆತಾಯಿಯ ಕೈ ತಪ್ಪಿದರು. ಮಹಿಳೆಯರು ತಮ್ಮ ಮೇಲೆ ಕೈ ಹಾಕಿದ್ದನ್ನು ಬಹಿರಂಗವಾಗಿ ಹೇಳಿಕೊಂಡರು. ಮುಖ್ಯಮಂತ್ರಿ ಸ್ಟಾಲಿನ್ ಅವರ ವಾಹನಗಳೂ ದಟ್ಟಣೆಯಲ್ಲಿ ಸಿಕ್ಕಿಕೊಂಡವು. ಆಯೋಜಕರು ತಪ್ಪು ಒಪ್ಪಿ ಕ್ಷಮೆ ಕೇಳಿದರು. ಅವರ ಮೇಲೆ ಪ್ರಕರಣ ದಾಖಲಾಯಿತು. ಒಳಗೆ ಬರಲಾಗದವರು ಟಿಕೆಟ್ ಪ್ರತಿ ಕಳಿಸಿ ಎಂದು ರೆಹಮಾನ್ ಕೋರಿದರು. ಈ ಬಾರಿ ತಾನೇ ಬಲಿಪಶುವಾಗುತ್ತೇನೆ ಎಂಬರ್ಥದ ಮಾತನ್ನೂ ಬರೆದರು.

ಅಂಥ ಗೇಟಿನ ಮುಂದೆ ನಿಂತವನ ತಲೆಯಲ್ಲಿ ಏನು ನಡೆಯುತ್ತದೆ ಎಂದು ಯೋಚಿಸಿ. ಟಿಕೆಟ್ ಇದ್ದರೂ ಜಾಗದ ಖಾತರಿ ಇಲ್ಲ. ಸಾಲಿನಲ್ಲಿ ನಿಂತವರು ಹೊರಗೇ ಉಳಿದರು, ನುಗ್ಗಿದವರು ಒಳಗೆ ಹೋದರು. ಮೊದಲ ಅರ್ಧ ಗಂಟೆಯಲ್ಲೇ ಅವನು ಪಾಠ ಕಲಿಯುತ್ತಾನೆ: ಇಲ್ಲಿ ಮೊಣಕೈಗೆ ಬೆಲೆ ಇದೆ, ಮರ್ಯಾದೆಗೆ ಇಲ್ಲ. ಒಳಗೆ ಹೋದ ಮೇಲೆ ಆ ಪಾಠ ಮರೆಯುವುದಿಲ್ಲ. ನಮ್ಮ ಕಸುಬಿನಲ್ಲಿ ಸರ್ವರ್ ತಾಳುವಷ್ಟೇ ಕೋರಿಕೆಗಳನ್ನು ಒಳಗೆ ಬಿಡುತ್ತೇವೆ. ಎಲ್ಲವನ್ನೂ ಒಳಗೆ ಬಿಟ್ಟು, ವ್ಯವಸ್ಥೆ ಕುಸಿದ ಮೇಲೆ ‘ಬಳಕೆದಾರರಿಗೆ ತಾಳ್ಮೆ ಇಲ್ಲ’ ಎಂದರೆ ಯಾವ ಮ್ಯಾನೇಜರೂ ಒಪ್ಪುವುದಿಲ್ಲ.

ಈ ಪಾಠ ಜಗತ್ತಿಗೆ ಹೊಸದಲ್ಲ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದಿ ಹೂ’ ಎಂಬ ರಾಕ್ ತಂಡದ ಕಾರ್ಯಕ್ರಮಕ್ಕೆ ಸಾವಿರಾರು ಜನ ಹೊರಗೆ ಕಾದಿದ್ದರು. ಬಹುಪಾಲು ಟಿಕೆಟುಗಳಿಗೆ ಸೀಟಿನ ಸಂಖ್ಯೆ ಇರಲಿಲ್ಲ. ಮೊದಲು ಹೋದವರಿಗೆ ಮುಂದಿನ ಜಾಗ. ತೆರೆದ ಬಾಗಿಲು ಕೆಲವೇ. ಒಳಗಿನಿಂದ ವಾದ್ಯದ ಸದ್ದು ಕೇಳಿ ಕಾರ್ಯಕ್ರಮ ಶುರುವಾಯಿತೆಂದು ಜನ ಒತ್ತಿದರು. 11 ಮಂದಿ ಸತ್ತರು. ರಾಕ್ ಕೇಳುವ ಹುಡುಗರು ಅನಾಗರಿಕರು ಎಂದು ಅಂಕಣಗಳು ಬಂದವು. ಆದರೆ ನಗರಸಭೆ ನಿಷೇಧಿಸಿದ್ದು ರಾಕ್ ಸಂಗೀತವನ್ನಲ್ಲ, ಸಂಖ್ಯೆ ಇಲ್ಲದ ಸೀಟಿನ ಪದ್ಧತಿಯನ್ನು. ಆ ನಿಷೇಧ 2004ರವರೆಗೂ ಇತ್ತು.

ನಮ್ಮದೇ ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸತ್ತವರೂ 11 ಮಂದಿ. ಒಳಗೆ ಹಿಡಿಸುವುದು ಸುಮಾರು 35 ಸಾವಿರ. ಆರ್‌ಸಿಬಿ ಗೆಲುವಿನ ಸಂಭ್ರಮಾಚರಣೆ ನೋಡಲು ಬಂದವರು ಲಕ್ಷಗಳಲ್ಲಿ. ಅದೇ ವರ್ಷದ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನ ರಾಜಕೀಯ ಸಭೆಯಲ್ಲಿ 41 ಜೀವ ಹೋಯಿತು. ಒಂದು ಚದರ ಮೀಟರಿನಲ್ಲಿ ಐದಾರು ಜನ ಮೀರಿದರೆ ಗುಂಪು ನೀರಿನಂತೆ ಅಲೆಯಾಗಿ ಹರಿಯುತ್ತದೆ. ಯಾರ ಕಾಲೂ ಅವರ ಹಿಡಿತದಲ್ಲಿರುವುದಿಲ್ಲ. ಹೆಚ್ಚಿನವರು ತುಳಿತದಿಂದಲ್ಲ, ನಿಂತಲ್ಲೇ ಎದೆ ಒತ್ತಿ ಉಸಿರುಗಟ್ಟಿ ಸಾಯುತ್ತಾರೆ. ಹಿಂದೆ ತಳ್ಳುವವನಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣುವುದೇ ಇಲ್ಲ. ಚಿನ್ನಸ್ವಾಮಿ ದುರಂತದ ನಂತರ ಕರ್ನಾಟಕ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆಂದೇ ಮಸೂದೆ ತಂದಿತು. ಜವಾಬ್ದಾರಿ ಮೊದಲು ಆಯೋಜಕರದ್ದು ಎಂಬ ಅದರ ದಿಕ್ಕು ಸರಿಯಾಗಿದೆ.

ಚೆನ್ನೈನಲ್ಲೇ ಒಳ್ಳೆಯ ಉದಾಹರಣೆಯೂ ಇದೆ. 2025ರಲ್ಲಿ ಚೇಪಾಕ್‌ನಲ್ಲಿ ಐಪಿಎಲ್ ಪಂದ್ಯವಿದ್ದಾಗ ಪಂದ್ಯದ ಟಿಕೆಟ್ ತೋರಿಸಿದರೆ ಮೆಟ್ರೊ ಪ್ರಯಾಣ ಉಚಿತವಾಗಿತ್ತು. ಒಳಗೆ ಸೀಟಿಗೆ ಸಂಖ್ಯೆ ಇದೆ. ಅದೇ ಜನ, ಅದೇ ಉತ್ಸಾಹ. ಜಾಗ ಖಾತರಿ ಇರುವುದರಿಂದ ಯಾರಿಗೂ ನುಗ್ಗುವ ಅಗತ್ಯ ಬೀಳುವುದಿಲ್ಲ.

ಹಾಗಾದರೆ ಎಲ್ಲ ತಪ್ಪೂ ಗೇಟಿನದೇ? ಅಲ್ಲ. ಎರಡು ವಿಷಯಗಳನ್ನು ಗೇಟಿನ ತಲೆಗೆ ಕಟ್ಟಲಾಗದು.

ಮೊದಲನೆಯದು ಹೆಣ್ಣುಮಕ್ಕಳ ಮೇಲೆ ಕೈ ಹಾಕುವುದು. ಆ ಜನವರಿ ಸಂಜೆ ಒಳಗೆ ಕಾಲಿಟ್ಟೊಡನೆ ನನ್ನ ಹೆಂಡತಿ, ‘ರೀ, ಮುಂದೆ ಬೇಡ, ಆ ಸೌಂಡ್‌ನವರ ಟೆಂಟಿನ ಹತ್ತಿರ ನಿಲ್ಲೋಣ’ ಎಂದಳು. ಅಲ್ಲಿ ಸದ್ದು ಚೆನ್ನಾಗಿರುತ್ತದೆಂದು ಹೇಳುತ್ತಿದ್ದಾಳೆ ಅಂದುಕೊಂಡೆ. ವಾಪಸು ಬರುವಾಗ ವಿವರಿಸಿದಳು: ಅಲ್ಲಿ ಕಬ್ಬಿಣದ ತಡೆ ಇದೆ, ಬೆನ್ನಿಗೆ ಅದು ಸಿಕ್ಕರೆ ಹಿಂದಿನಿಂದ ಯಾರೂ ಬರಲಾಗದು. ಬ್ಯಾಗನ್ನು ಎದೆಗೆ ಹಾಕಿಕೊಂಡದ್ದೂ ಕಳ್ಳರ ಭಯಕ್ಕಲ್ಲ. ಅದೇ ಬೆಲೆಯ ಟಿಕೆಟ್ ಕೊಂಡು ನಾನು ಹಾಡು ಕೇಳಿದೆ. ಅವಳು ಅರ್ಧ ಗಮನ ಕಾವಲಿಗೆ ಕೊಟ್ಟಳು. ಜನಸಂದಣಿ ಇದಕ್ಕೆ ಮರೆ ಕೊಡುತ್ತದೆಯೇ ಹೊರತು ಕಾರಣವಲ್ಲ. ಭಾರತೀಯ ನ್ಯಾಯ ಸಂಹಿತೆಯ 74 ಮತ್ತು 75ನೇ ಕಲಮುಗಳಡಿ ಇದು ಅಪರಾಧ. ಪಕ್ಕದಲ್ಲಿ ನಡೆದಾಗ ನಾವು ಪರದೆ ನೋಡುತ್ತಾ ನಿಲ್ಲುತ್ತೇವೋ, ‘ಏನಾಯ್ತು ಮೇಡಂ?’ ಎಂದು ಗಟ್ಟಿಯಾಗಿ ಕೇಳುತ್ತೇವೋ ಎಂಬುದು ನಮ್ಮ ಕೈಯಲ್ಲಿದೆ. ಜಗತ್ತಿನ ರಾಕ್ ಕೂಟಗಳಲ್ಲಿ ಎಷ್ಟೇ ಕುಣಿತ, ಡಿಕ್ಕಿ ಇದ್ದರೂ ಬಿದ್ದವರನ್ನು ತಕ್ಷಣ ಎತ್ತಬೇಕೆಂಬ ಬರೆಯದ ನಿಯಮವಿದೆ. ಅದನ್ನು ಇದಕ್ಕೂ ಹಿಗ್ಗಿಸಿದರೆ ಸಾಕು.

ಎರಡನೆಯದು ನನ್ನ ಕೂಗು.

ಆ ಸಂಜೆಯ ಮೂರು ತಿಂಗಳ ನಂತರ, ಏಪ್ರಿಲ್ 25ರಂದು, ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಸೋನು ನಿಗಮ್ ಎದುರು ‘ಕನ್ನಡ’ ಎಂಬ ಕೂಗು ಎದ್ದಿತು. ಅವರು ಸಿಟ್ಟಾಗಿ ಅದನ್ನು ಪಹಲ್ಗಾಮ್ ದಾಳಿಗೆ ಜೋಡಿಸಿ ಆಡಿದ ಮಾತು ಖಂಡಿತ ತಪ್ಪು. ದೂರು ದಾಖಲಾಯಿತು, ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರ ಘೋಷಿಸಿತು, ಅವರು ಕ್ಷಮೆ ಕೇಳಿದರು. ಬೆಂಗಳೂರಿನಲ್ಲಿ ಕನ್ನಡ ಹಾಡು ಕೇಳುವುದು ನಮ್ಮ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಮುಂಗಾರು ಮಳೆ’ಗೆ ಹಾಡಿದ ಗಾಯಕನಿಗೂ ಕನ್ನಡಿಗರಿಗೂ ನಡುವೆ ಇಷ್ಟು ಕಹಿ ಹುಟ್ಟಿದ್ದು ಒಂದು ಕೂಗು ಮತ್ತು ಒಂದು ದುಡುಕಿನ ಉತ್ತರದಿಂದ.

ಇದರ ಇನ್ನೊಂದು ಮುಖ 2017ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಕಂಡಿತ್ತು. ರೆಹಮಾನ್ ತಮಿಳು ಹಾಡುಗಳನ್ನು ಹೆಚ್ಚು ಹಾಡಿದರೆಂದು ಕೆಲವು ಹಿಂದಿ ಅಭಿಮಾನಿಗಳು ಎದ್ದು ಹೋದರು, ಟಿಕೆಟ್ ಹಣ ವಾಪಸ್ ಕೇಳಿದರು. ಕಾರ್ಯಕ್ರಮದ ಹೆಸರೇ ತಮಿಳಿನಲ್ಲಿತ್ತು: ‘ನೇಟ್ರು ಇಂಡ್ರು ನಾಳೈ’. ಆ ಸುದ್ದಿ ಓದಿ ನಾವೆಲ್ಲ ನಕ್ಕಿದ್ದೆವು. ಚೆನ್ನೈನ ಬಯಲಿನಲ್ಲಿ ಸಾವಿರಾರು ತಮಿಳರ ನಡುವೆ ನಿಂತು ಗಾಯಕನ ಮಾತು ಮುರಿದಾಗ ನಾವು ಯಾವ ಕಡೆ ನಿಂತಿದ್ದೆವು?

ಇದೇ ಊರಿನ ಸಭಾಗಳು ಬೇರೊಂದು ದಾರಿ ತೋರಿಸುತ್ತವೆ. ಮಾರ್ಗಳಿ ಕಚೇರಿಗಳ ಪ್ರೇಕ್ಷಕರೇನೂ ದೇವತೆಗಳಲ್ಲ. ತನಿ ಆವರ್ತನ ಶುರುವಾದೊಡನೆ ಮೃದಂಗದವರ ಮುಖಕ್ಕೆ ಬೆನ್ನು ಹಾಕಿ ಕ್ಯಾಂಟೀನಿಗೆ ನಡೆಯುವವರನ್ನು ಎಲ್ಲ ಸಭಾಗಳೂ ಕಂಡಿವೆ. ಆದರೆ ಅಲ್ಲಿ ಒಂದು ಹಳೆಯ ಪದ್ಧತಿ ಇದೆ: ಹಾಡು ಬೇಕಾದವರು ಚೀಟಿ ಬರೆದು ವೇದಿಕೆಗೆ ಕಳಿಸುತ್ತಾರೆ. ಗಾಯಕರು ಓದುತ್ತಾರೆ, ಆದರೆ ಹಾಡುತ್ತಾರೆ, ಇಲ್ಲದಿದ್ದರೆ ಮುಗುಳ್ನಗುತ್ತಾರೆ. ಪುರಂದರದಾಸರ ದೇವರನಾಮ ಆ ವೇದಿಕೆಗಳಲ್ಲಿ ಯಾರೂ ಕೂಗದೆಯೇ ಬರುತ್ತದೆ. ಹೆಚ್ಚಾಗಿ ತನಿ ಮುಗಿದ ಮೇಲೆ ಬರುತ್ತದೆ. ಕ್ಯಾಂಟೀನಿಗೆ ಹೋದವರಿಗೆ ಮಾತ್ರ ಅದು ತಪ್ಪಿಹೋಗುತ್ತದೆ.

ಈಗ ನಮ್ಮ ಗುಂಪು ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ತಂಡದ ಇನ್‌ಸ್ಟಾಗ್ರಾಂ ಪುಟಕ್ಕೆ ಬರೆಯುತ್ತದೆ: ‘ನಾವು ಚೆನ್ನೈ ಕನ್ನಡಿಗರು, ಇಷ್ಟು ಜನ ಬರುತ್ತಿದ್ದೇವೆ, ಸಾಧ್ಯವಾದರೆ ಈ ಹಾಡು ಹಾಡಿ.’ ಇದು ನಮ್ಮ ಕಾಲದ ಚೀಟಿ. ಎರಡು ಸಲ ಬರೆದೆವು; ಒಂದು ಸಲ ಹಾಡಿದರು. ಟಿಕೆಟ್ ಕೊಳ್ಳುವ ಮೊದಲು ಇನ್ನೆರಡು ಪ್ರಶ್ನೆ ಕೇಳುತ್ತೇವೆ: ಜಾಗಕ್ಕೆ ಸಂಖ್ಯೆ ಅಥವಾ ಮಿತಿ ಇದೆಯೇ? ಹತ್ತಿರ ಮೆಟ್ರೊ ಇದೆಯೇ? ಉತ್ತರ ಸಿಗದಿದ್ದರೆ ಮನೆಯಲ್ಲೇ ಕೇಳುತ್ತೇವೆ. ಕೊಳ್ಳುವವರು ಕೇಳಲು ಶುರು ಮಾಡದೆ ಮಾರುವವರು ಗೇಟು ಅಗಲ ಮಾಡುವುದಿಲ್ಲ.

ಅಂದು ಮುಂದೆ ನಿಂತಿದ್ದವರನ್ನು ಕಾರ್ಯಕ್ರಮ ಮುಗಿದ ಮೇಲೆ ಹುಡುಕಿ, ‘ಮನ್ನಿಚ್ಚಿಡುಂಗ ಸಾರ್’ ಎಂದೆ. ಅವರು ನಕ್ಕು, ‘ಪರವಾಯಿಲ್ಲೈ. ಆ ಕನ್ನಡ ಹಾಡಿಗೆ ಅರ್ಥ ಏನು?’ ಎಂದು ಕೇಳಿದರು. ನಂದನಂ ಮೆಟ್ರೊ ನಿಲ್ದಾಣದವರೆಗೆ ನಡೆಯುತ್ತಾ ಹೇಳಿದೆ.