ಹನಿ ಎಲ್ಲಿಂದ ಬಿತ್ತು?

ಹಳೆಯ ಬುಲೆಟ್ಟಿನ ಅಡಿಯಲ್ಲಿ ಎಣ್ಣೆಯ ಕಲೆ ಕಾಣದಿದ್ದರೆ ಎಂಜಿನ್ನಿನಲ್ಲಿ ಎಣ್ಣೆಯೇ ಇಲ್ಲವೆಂದು ತಿಳಿಯಬೇಕು ಎಂಬ ನಗೆಮಾತು ಗ್ಯಾರೇಜುಗಳಲ್ಲಿ ಉಂಟು. ಈ ಮಾತನ್ನು ನಂಬಿ, ಸೋರುವುದು ಗಾಡಿಯ ಹುಟ್ಟುಗುಣವೆಂದುಕೊಂಡು, ಕೆಳಗೊಂದು ತಗಡಿನ ತಟ್ಟೆ ಇಟ್ಟು ಸುಮ್ಮನಾದವರೂ ಉಂಟು.

ಬುಲೆಟ್ಟಿನ ಜೋಡಣೆ ಮದ್ರಾಸಿನಲ್ಲಿ ಶುರುವಾದದ್ದು 1950ರ ದಶಕದ ನಡುವಿನಲ್ಲಿ. ಎರಕದ ಕಬ್ಬಿಣದ ಸಿಲಿಂಡರ್, ಪ್ರತ್ಯೇಕ ಗೇರ್ ಪೆಟ್ಟಿಗೆ, 346 ಸಿ.ಸಿ. ಸಾಮರ್ಥ್ಯ. 2009ರ ಸುಮಾರಿಗೆ ಹೊಸ ಎಂಜಿನ್ ಬರುವವರೆಗೂ ಈ ಮೂಲ ವಿನ್ಯಾಸ ಹೆಚ್ಚು ಬದಲಾಗಲಿಲ್ಲ. ಬಳ್ಳಾರಿ ನಗರದಲ್ಲಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ, ಕುರುಗೋಡು ದೊಡ್ಡಬಸವೇಶ್ವರ ಜಾತ್ರೆಯ ಜನಸಂದಣಿಯಲ್ಲಿ ಅಂಥದೊಂದು ಗಾಡಿಯ ಸದ್ದು ಕೇಳಿದರೆ ಹಿರಿಯರು ಇಂದಿಗೂ ತಿರುಗಿ ನೋಡುತ್ತಾರೆ.

ಹನಿ ತಾನೇ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಸುಮಾರು ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿಲೀಟರ್. ಸೆಕೆಂಡಿಗೊಂದು ಹನಿ ಬಿದ್ದರೆ ಗಂಟೆಗೆ 180 ಮಿಲಿಲೀಟರ್. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ ಬರಲು ನೂರು ಕಿಲೋಮೀಟರಿಗೂ ಹೆಚ್ಚು. ಎರಡೂವರೆ ಗಂಟೆಯ ಓಟದಲ್ಲಿ 450 ಮಿಲಿಲೀಟರ್ ಹೋಯಿತು. ಎಂಜಿನ್ನಿನಲ್ಲಿರುವುದೇ ಎರಡು ಕಾಲು ಲೀಟರಿನಷ್ಟು. ಅದರಲ್ಲಿ ಐದನೆಯ ಒಂದು ಪಾಲು ರಸ್ತೆಗೆ! ಅದಕ್ಕಿಂತ ಭಯದ ವಿಷಯವೆಂದರೆ, ಆ ಎಣ್ಣೆ ಹಿಂದಿನ ಟೈರಿಗೆ ತಾಗಿದರೆ ತಿರುವಿನಲ್ಲಿ ಗಾಡಿ ಜಾರುತ್ತದೆ.

ಸೋರುವುದೇಕೆ? ಪಿಸ್ಟನ್ ಪ್ರತಿ ಸಲ ಕೆಳಗಿಳಿದಾಗ 346 ಸಿ.ಸಿ.ಯಷ್ಟು, ಎಂದರೆ ದೊಡ್ಡ ಲೋಟದಷ್ಟು ಗಾಳಿಯನ್ನು ಕ್ರ್ಯಾಂಕ್‌ಕೇಸಿನೊಳಗೆ ಒತ್ತುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ ಐವತ್ತು ಬಾರಿ. ಆ ಗಾಳಿ ಹೊರಹೋಗಲೆಂದೇ ಬ್ರೀದರ್ ಎಂಬ ದಾರಿಯಿದೆ. ಅದರ ಕವಾಟ ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಧೂಳು, ಮಡ್ಡಿ ಸೇರಿ ಅದು ಕಟ್ಟಿಕೊಂಡರೆ ಗಾಳಿ ಕಂಡಕಂಡ ಸಂದಿನಿಂದ ಎಣ್ಣೆಯನ್ನು ಹೊರದೂಡುತ್ತದೆ. ಆಗ ಗ್ಯಾಸ್ಕೆಟ್ ಎಷ್ಟು ಬಾರಿ ಬದಲಿಸಿದರೂ ಫಲವಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೂ ಇದೇ ಕಥೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಬ್ರೀದರ್ ನೋಡಬೇಕು.

ನಂತರ ಪತ್ತೇದಾರಿ. ಗಾಡಿ ಓಡುವಾಗ ಎಣ್ಣೆ ಗಾಳಿಗೆ ಹಿಂದಕ್ಕೂ ತನ್ನ ಭಾರಕ್ಕೆ ಕೆಳಕ್ಕೂ ಹರಿಯುತ್ತದೆ. ಒದ್ದೆಯಾದ ಜಾಗವೇ ಸೋರುವ ಜಾಗವಲ್ಲ! ತಣ್ಣಗಿರುವ ಎಂಜಿನ್ನನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಶಾಲೆಯ ಸೀಮೆಸುಣ್ಣದ ಪುಡಿ ಉದುರಿಸಬೇಕು. ಕಾರ್ಬೊರೇಟರಿನ ಬಾಯಿಗೆ ಪುಡಿ ಬೀಳಬಾರದು. ಗಾಡಿಯನ್ನು ಬಯಲಿನಲ್ಲಿ ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ದೊಡ್ಡವರ ಎದುರಿನಲ್ಲಿ ಹತ್ತು ನಿಮಿಷ ಚಾಲೂ ಇಡಬೇಕು. ಬಿಳಿಯ ಪುಡಿಯಲ್ಲಿ ಮೊದಲು ಮೂಡುವ ಕಪ್ಪುಗೆರೆಯ ಮೇಲ್ತುದಿಯೇ ಕಳ್ಳ. ಬೆಳಗಿನ ತಂಪಿನಲ್ಲಿ ಏನೂ ಕಾಣದ ಗಾಡಿ ಬಳ್ಳಾರಿಯ ಮಧ್ಯಾಹ್ನದಲ್ಲಿ ಸೋರುವುದುಂಟು; ಕಾದ ಎಣ್ಣೆ ತೆಳುವಾಗಿರುತ್ತದೆ. ಹಾಗಾಗಿ ಪರೀಕ್ಷೆ ಬಿಸಿ ಎಂಜಿನ್ನಿನಲ್ಲೇ ಆಗಬೇಕು.

ಕವರ್ ಬಿಚ್ಚಿದಾಗ ಹಳೆಯ ಗ್ಯಾಸ್ಕೆಟ್ಟನ್ನು ಸ್ಕ್ರೂಡ್ರೈವರಿನಿಂದ ಕೆರೆಯುವುದು ನಮ್ಮಲ್ಲಿ ರೂಢಿ. ಅಲ್ಯೂಮಿನಿಯಂ ಮೆದು ಲೋಹ. ಆ ಗೀರೇ ಮುಂದಿನ ಸೋರಿಕೆಗೆ ಕಾಲುವೆ. ಬಿದಿರಿನ ಚಕ್ಕೆ ಸಾಕು. ಗಾಜಿನ ಹಲಗೆಯ ಮೇಲೆ ಕವರ್ ಇಟ್ಟು ಒತ್ತಿದರೆ ಡೊಂಕು ತಿಳಿಯುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಡಬದಿಯ ಚೈನ್‌ಕೇಸನ್ನು ಹಿಡಿದಿರುವುದು ನಡುವಿನ ಒಂದೇ ನಟ್. ಅಲ್ಲಿ ಸೋರಿತೆಂದು ಬಲವಂತವಾಗಿ ಬಿಗಿದರೆ ಕವರ್ ಬಾಗಿ ಇನ್ನಷ್ಟು ಸೋರುತ್ತದೆ. ಹೊಸ ರಬ್ಬರ್ ಸೀಲ್ ಹಾಕಿ, ಎಣ್ಣೆಯನ್ನು ಲೆವೆಲ್ ಸ್ಕ್ರೂವಿನ ಮಟ್ಟಕ್ಕೆ ಮಾತ್ರ ತುಂಬುವುದೇ ಸರಿ. ಸೀಲಂಟ್ ಅಂಟನ್ನು ಧಾರಾಳವಾಗಿ ಬಳಿಯುವವರು ಒಂದು ಸಂಗತಿ ನೆನಪಿಡಬೇಕು: ಹೊರಗೆ ಉಬ್ಬಿದಷ್ಟೇ ಅಂಟು ಒಳಗೂ ಉಬ್ಬಿರುತ್ತದೆ. ಅದು ಕಳಚಿ ಎಣ್ಣೆಯ ಕಿರುದಾರಿಯನ್ನು ಮುಚ್ಚಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ.

ಇನ್ನೊಂದು ಮೋಸವಿದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಟ್ಯಾಂಕಿನ ಎಣ್ಣೆ ಪಂಪಿನ ಸಂದಿನಿಂದ ಮೆಲ್ಲಗೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅಳತೆಕಡ್ಡಿ ಕಡಿಮೆ ತೋರಿಸಿತೆಂದು ಮತ್ತೆ ತುಂಬಿ ಕಿಕ್ ಹೊಡೆದರೆ ಹೊಗೆಯೋ ಹೊಗೆ, ಬ್ರೀದರಿನಿಂದ ಎಣ್ಣೆಯ ವಾಂತಿ. ಇದು ಸೋರಿಕೆಯಲ್ಲ. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಇಳಿದುಬಂದ ಎಣ್ಣೆಯನ್ನು ತೆಗೆದು, ಟ್ಯಾಂಕಿನ ಮಟ್ಟ ಸರಿಪಡಿಸಿ, ಕೆಲವು ನಿಮಿಷ ಓಡಿಸಿ ಮತ್ತೊಮ್ಮೆ ಅಳೆಯಬೇಕು. ತೆಗೆದ ಹಳೆ ಎಣ್ಣೆಯನ್ನು ಚರಂಡಿಗಾಗಲಿ ಗದ್ದೆಯ ಕಾಲುವೆಗಾಗಲಿ ಸುರಿಯದೆ ಡಬ್ಬದಲ್ಲಿ ತುಂಬಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.

ದುರಸ್ತಿಯಾದ ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿ, ಮುಂಚಕ್ರ ಯಾವ ಕಡೆಗಿತ್ತೆಂದು ಬಾಣ ಹಾಕಿ, ದಿನಾಂಕ ಬರೆದಿಡಿ. ಮುಂದಿನ ವಾರ ಮತ್ತೊಂದು ಹಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹನಿ ಎಣಿಸುವ ಕೆಲಸ ಮಕ್ಕಳದ್ದು.