ನೆಟ್‌ವರ್ಕ್ ಡ್ರೈವ್ ಮೇಲೆ ಕೆಂಪು ಗುರುತು ಬಂದರೆ ಫೈಲುಗಳು ಅಳಿಸಿಹೋದವು ಎಂದರ್ಥವೇ?

"ನೆಟ್‌ವರ್ಕ್ ಡ್ರೈವ್ ಮೇಲೆ ಕೆಂಪು ಕ್ರಾಸ್ ಬಂತೆಂದರೆ ವೈರಸ್ ಹೊಕ್ಕಿದೆ, ಒಳಗಿನ ಫೈಲುಗಳೆಲ್ಲ ಹೋದವು, ಕೂಡಲೇ ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ 1 ಆನ್ ಮಾಡಿ." ಫೋಟೋ ಸ್ಟುಡಿಯೋದವರ, ವಿಡಿಯೋ ಎಡಿಟಿಂಗ್ ಮಾಡುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಧಾಟಿಯ ಸಲಹೆ ನೀವೂ ನೋಡಿರಬಹುದು. ಇದರ ಮೊದಲರ್ಧ ತಪ್ಪು. ಎರಡನೆಯರ್ಧ ಅಪಾಯಕಾರಿ.

ಮೊದಲು ನೆಟ್‌ವರ್ಕ್ ಡ್ರೈವ್ ಎಂದರೇನು ನೋಡೋಣ. ಫೈಲುಗಳು ಇರುವುದು ಇನ್ನೊಂದು ಕಂಪ್ಯೂಟರಿನಲ್ಲಿ. ನಿಮ್ಮ ಕಂಪ್ಯೂಟರಿನಲ್ಲಿ ಕಾಣುವ 'ಝಡ್ ಡ್ರೈವ್' ಅಲ್ಲಿಗೆ ಹೋಗುವ ಬಾಗಿಲು ಮಾತ್ರ. ಕೆಂಪು ಗುರುತು ಹೇಳುವುದಿಷ್ಟೇ: "ಸದ್ಯಕ್ಕೆ ಈ ದಾರಿಯಲ್ಲಿ ಸಂಪರ್ಕವಿಲ್ಲ." ಆ ಕಡೆಯ ಡಿಸ್ಕಿನಲ್ಲಿ ಫೈಲು ಇದೆಯೋ ಇಲ್ಲವೋ ಎಂಬುದು ಆ ಗುರುತಿಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ಅದನ್ನು ನೋಡಿದ ಕೂಡಲೇ ಡಿಸ್ಕ್ ಬಿಚ್ಚುವುದು, ಫಾರ್ಮ್ಯಾಟ್ ಮಾಡುವುದು, ರಿಕವರಿ ಅಂಗಡಿಗೆ ಒಯ್ಯುವುದು ಬೇಡ. ಇದ್ದ ಫೈಲು ನಿಜವಾಗಿ ಹೋಗುವುದು ಎಷ್ಟೋ ಸಲ ಈ ಗಾಬರಿಯ ಕೆಲಸದಲ್ಲೇ.

ದಾಂಡೇಲಿ, ಜೋಯಿಡಾ ಕಡೆ ರಾಫ್ಟಿಂಗ್, ಹೋಮ್‌ಸ್ಟೇ ವಿಡಿಯೋಗಳ ಕೆಲಸ. ಹಳಿಯಾಳ, ಮುಂಡಗೋಡ ಕಡೆ ಮದುವೆ, ಮನೆ ಪ್ಲಾನಿನ 3ಡಿ ಚಿತ್ರಗಳ ಕೆಲಸ. ಇಂಥ ಊರುಗಳಲ್ಲಿ ಒಂದೇ ಕೋಣೆಯ ನಾಲ್ಕೈದು ಕಂಪ್ಯೂಟರುಗಳನ್ನು ಕೇಬಲ್‌ನಿಂದ ಜೋಡಿಸಿದರೆ ಅದೇ ಪುಟ್ಟ 'ರೆಂಡರ್ ಫಾರ್ಮ್'. ಲೆಕ್ಕ ಸರಳ. ಒಂದು ನಿಮಿಷದ ಅನಿಮೇಶನ್ ಎಂದರೆ ಸೆಕೆಂಡಿಗೆ 25ರಂತೆ 1500 ಚಿತ್ರಗಳು. ಒಂದೊಂದಕ್ಕೆ 4 ನಿಮಿಷ ಹಿಡಿದರೆ ಒಂದೇ ಕಂಪ್ಯೂಟರಿಗೆ 100 ಗಂಟೆ ಬೇಕು, ಐದಕ್ಕೆ ಹಂಚಿದರೆ 20 ಗಂಟೆ ಸಾಕು. ಐದೂ ಓದುವುದು, ಬರೆಯುವುದು ಅದೇ ನೆಟ್‌ವರ್ಕ್ ಡ್ರೈವಿಗೆ. ರಾತ್ರಿ 11ಕ್ಕೆ ಅದು ಕಡಿದುಹೋದರೆ ಬೆಳಗಿನ ತನಕ ಕಂಪ್ಯೂಟರುಗಳು ಬಿಸಿಯಾಗಿದ್ದವು ಎನ್ನುವುದಷ್ಟೇ ಲಾಭ. ಮರುದಿನ ಕೊಡಬೇಕಾದ ಕೆಲಸ ಅಲ್ಲೇ ಉಳಿಯುತ್ತದೆ.

ಕಡಿಯುವುದು ಯಾಕೆ?

ಕೆಲವೊಮ್ಮೆ ಏನೂ ಕೆಟ್ಟಿರುವುದೇ ಇಲ್ಲ. ವಿಂಡೋಸ್‌ನಲ್ಲಿ ಫೈಲು ಹಂಚುವ ಕಂಪ್ಯೂಟರು 15 ನಿಮಿಷ ಯಾರೂ ಮುಟ್ಟದ ಸಂಪರ್ಕವನ್ನು ತಾನೇ ಬಿಟ್ಟುಬಿಡುತ್ತದೆ. ಆಗಲೂ ಕೆಂಪು ಗುರುತು ಬರಬಹುದು. ಡ್ರೈವ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗ ನೆಟ್‌ವರ್ಕ್ ಸಿದ್ಧವಾಗುವ ಮೊದಲೇ ವಿಂಡೋಸ್ ಡ್ರೈವ್ ಹುಡುಕಿ ಸೋತರೂ ಹೀಗೇ ಆಗುತ್ತದೆ. 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಲ್ಲಿ ಈ ತೊಂದರೆ ಎಷ್ಟಿತ್ತೆಂದರೆ, ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಪರಿಹಾರದ ಸ್ಕ್ರಿಪ್ಟನ್ನೇ ಪ್ರಕಟಿಸಿತು.

ನಮ್ಮ ಕಡೆ ದೊಡ್ಡ ಕಾರಣ ಕರೆಂಟು. ಸೂಪಾ ಅಣೆಕಟ್ಟು, ನಾಗಝರಿ ವಿದ್ಯುದಾಗಾರ ಎರಡೂ ಇರುವ ಕಾಳಿ ಕಣಿವೆಯಲ್ಲೇ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ ಎಂದರೆ ಹೊರಗಿನವರಿಗೆ ನಗು ಬರುತ್ತದೆ. ಕಾಡಿನ ನಡುವೆ ಹಾದುಬರುವ ತಂತಿಗೆ ಅದೇನೂ ವಿಶೇಷವಲ್ಲ. ವಿಶೇಷ ಬೇರೆ ಇದೆ. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಇರುತ್ತದೆ. ಮೂಲೆಯಲ್ಲಿರುವ ನೆಟ್‌ವರ್ಕ್ ಸ್ವಿಚ್ಚು, ರೌಟರು ಮಾತ್ರ ನೇರ ಗೋಡೆಯ ಪ್ಲಗ್ಗಿಗೆ! ಮೂರು ಸೆಕೆಂಡು ಕರೆಂಟು ಹೋಗಿ ಬಂದರೂ ಸ್ವಿಚ್ಚು ಆರಿ ಹೊತ್ತಿಕೊಳ್ಳುತ್ತದೆ, ಸಂಪರ್ಕ ಕಡಿಯುತ್ತದೆ. ಪರದೆಗಳೆಲ್ಲ ಉರಿಯುತ್ತಲೇ ಇರುವುದರಿಂದ ಕರೆಂಟಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸ್ವಿಚ್ಚು ತಿನ್ನುವ ವಿದ್ಯುತ್ ತೀರಾ ಕಡಿಮೆ. ಅದನ್ನೂ ರೌಟರನ್ನೂ ಯುಪಿಎಸ್‌ಗೆ ಹಾಕಿ. ನಮ್ಮನ್ನು ಕೇಳಿದರೆ ಮೊದಲು ಮಾಡಬೇಕಾದ ಖರ್ಚಿಲ್ಲದ ದುರಸ್ತಿ ಇದೇ.

ಸಿಡಿಲಿನ ಮಾತೂ ಇಲ್ಲೇ ಹೇಳಿಬಿಡುತ್ತೇವೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ನೆಟ್‌ವರ್ಕ್ ಕೇಬಲನ್ನು ಹೊರಗಿನಿಂದ ಎಳೆದಿದ್ದರೆ, ಹತ್ತಿರ ಸಿಡಿಲು ಹೊಡೆದಾಗ ಅದರ ಮೂಲಕವೂ ವಿದ್ಯುತ್ ನುಗ್ಗಿ ಪೋರ್ಟ್ ಸುಡಬಹುದು. ಪ್ಲಗ್ ಕಿತ್ತಿಟ್ಟರೆ ಸಾಲದು, ಆ ಕೇಬಲನ್ನೂ ಬಿಡಿಸಬೇಕು.

ಕರೆಂಟು ಹೋಗಿ ಬಂದ ಮೇಲೆ ರೌಟರು ಫೈಲ್ ಕಂಪ್ಯೂಟರಿಗೆ ಹೊಸ ಐಪಿ ವಿಳಾಸ ಕೊಟ್ಟಿರಬಹುದು. ನೀವು 192.168.1.10 ಎಂದು ಡ್ರೈವ್ ಜೋಡಿಸಿದ್ದೀರಿ, ಅದೀಗ 192.168.1.14 ಆಗಿದೆ. ಮನೆ ಅಲ್ಲೇ ಇದೆ, ನಂಬರು ಬದಲಾಗಿದೆ. ರೌಟರಿನಲ್ಲಿ ಆ ಕಂಪ್ಯೂಟರಿಗೆ ಒಂದೇ ವಿಳಾಸ ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ.

ಪತ್ತೆ ಹಚ್ಚುವುದು ಹೇಗೆ? ಮೊದಲು ಎಲ್ಲ ಕಂಪ್ಯೂಟರಿಗೂ ಹೀಗಾಗಿದೆಯೋ ಒಂದಕ್ಕೆ ಮಾತ್ರವೋ ನೋಡಿ. ಎಲ್ಲಕ್ಕೂ ಆಗಿದ್ದರೆ ತಪ್ಪು ಫೈಲ್ ಕಂಪ್ಯೂಟರಿನಲ್ಲಿ ಅಥವಾ ಸ್ವಿಚ್ಚಿನಲ್ಲಿದೆ. ಫೈಲ್ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿದ್ದರೂ ಹೀಗೇ ಕಾಣುತ್ತದೆ. ಒಂದಕ್ಕೇ ಆಗಿದ್ದರೆ ಅದರ ಕೇಬಲ್ ನೋಡಿ, ಪೋರ್ಟಿನ ದೀಪ ಮಿನುಗುತ್ತಿದೆಯೇ ಗಮನಿಸಿ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಫೈಲ್ ಕಂಪ್ಯೂಟರಿನ ಐಪಿ ವಿಳಾಸಕ್ಕೆ ಪಿಂಗ್ ಮಾಡಿ, ಅದರ ಹೆಸರಿಗೂ ಪಿಂಗ್ ಮಾಡಿ. ವಿಳಾಸಕ್ಕೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ತೊಂದರೆ ಹೆಸರು ಹುಡುಕುವುದರಲ್ಲಿದೆ. ಎರಡಕ್ಕೂ ಉತ್ತರ ಬಂದು ಡ್ರೈವ್ ಮಾತ್ರ ತೆರೆಯದಿದ್ದರೆ ಅನುಮಾನ ಪಾಸ್‌ವರ್ಡಿನ ಮೇಲೆ. ನಾಲ್ಕಂಕಿಯ ಪಿನ್ ಹಾಕಿ ಕಂಪ್ಯೂಟರು ತೆರೆಯುವವರು ಇಲ್ಲಿ ಎಡವುತ್ತಾರೆ. ಆ ಪಿನ್ ಆ ಯಂತ್ರಕ್ಕೆ ಮಾತ್ರ ಸೇರಿದ್ದು. ನೆಟ್‌ವರ್ಕಿನಲ್ಲಿ ಕೇಳುವುದು ಖಾತೆಯ ನಿಜವಾದ ಪಾಸ್‌ವರ್ಡ್.

ರೆಂಡರ್ ಫಾರ್ಮಿನಲ್ಲಿ ಇನ್ನೊಂದು ವಿಚಿತ್ರ. ಝಡ್ ಡ್ರೈವ್ ಕಣ್ಣೆದುರು ತೆರೆದಿರುತ್ತದೆ, ರೆಂಡರ್ ಸಾಫ್ಟ್‌ವೇರ್ ಮಾತ್ರ "ಫೈಲ್ ಇಲ್ಲ" ಎನ್ನುತ್ತದೆ. ಡ್ರೈವ್ ಅಕ್ಷರ ಲಾಗಿನ್ ಆದ ವ್ಯಕ್ತಿಗೆ ಸೇರಿದ್ದು. ಹಿನ್ನೆಲೆಯಲ್ಲಿ ಬೇರೆ ಖಾತೆಯಿಂದ ಸರ್ವೀಸ್ ಆಗಿ ಓಡುವ ಪ್ರೋಗ್ರಾಂಗೆ ಅದು ಕಾಣುವುದಿಲ್ಲ. "ಅಡ್ಮಿನಿಸ್ಟ್ರೇಟರ್ ಆಗಿ ತೆರೆ" ಎಂದು ಓಡಿಸಿದ್ದಕ್ಕೂ ಸಾಮಾನ್ಯವಾಗಿ ಕಾಣುವುದಿಲ್ಲ. ಅಕ್ಷರದ ಬದಲು ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಕಂಪ್ಯೂಟರಿನ ಹೆಸರು, ಫೋಲ್ಡರಿನ ಹೆಸರು ಬರೆಯುವ ಪೂರ್ಣ ದಾರಿ ಕೊಡಿ. ಸರ್ವೀಸನ್ನು ಆ ಫೋಲ್ಡರಿಗೆ ಅನುಮತಿ ಇರುವ ಖಾತೆಯಿಂದ ಓಡಿಸಿ. ಫಾರ್ಮ್ ಬೆಳೆಯುತ್ತಿದ್ದರೆ ಇದೂ ನೆನಪಿರಲಿ: ಸಾಮಾನ್ಯ ವಿಂಡೋಸ್ 10 ಅಥವಾ 11 ಯಂತ್ರವನ್ನೇ ಫೈಲ್ ಸರ್ವರ್ ಮಾಡಿಕೊಂಡರೆ ಒಮ್ಮೆಗೆ 20 ಸಂಪರ್ಕಗಳಷ್ಟೇ.

ಬ್ಲೆಂಡರ್ ಬಳಸುವವರು ಒಂದು ಕೆಲಸ ಮರೆಯಬಾರದು. ಹಲವು ಯಂತ್ರಗಳು ಒಂದೇ ಫೋಲ್ಡರಿಗೆ ಚಿತ್ರ ಬರೆಯುವಾಗ 'ಪ್ಲೇಸ್‌ಹೋಲ್ಡರ್ಸ್' ಆನ್, 'ಓವರ್‌ರೈಟ್' ಆಫ್ ಇಡುವುದು ರೂಢಿ. "ಈ ಚಿತ್ರ ನಾನು ಮಾಡುತ್ತಿದ್ದೇನೆ" ಎಂದು ಪ್ರತಿ ಯಂತ್ರವೂ ಒಂದು ಖಾಲಿ ಫೈಲು ಇಟ್ಟು ಜಾಗ ಹಿಡಿಯುತ್ತದೆ. ನಡುವೆ ಸಂಪರ್ಕ ಕಡಿದರೆ ಆ ಖಾಲಿ ಫೈಲು ಹಾಗೇ ಉಳಿಯಬಹುದು. ಮತ್ತೆ ಶುರು ಮಾಡಿದಾಗ ಉಳಿದ ಯಂತ್ರಗಳು ಅದನ್ನು ಮುಗಿದ ಕೆಲಸವೆಂದು ದಾಟಿಹೋಗುತ್ತವೆ. ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ; ಸೊನ್ನೆ ಗಾತ್ರದವನ್ನೂ, ಅರ್ಧ ಬರೆದಂತೆ ಕಾಣುವ ಚಿಕ್ಕವನ್ನೂ ಅಳಿಸಿ. ಅಷ್ಟನ್ನು ಮಾತ್ರ ಮತ್ತೆ ರೆಂಡರ್ ಮಾಡಿದರೆ ಸಾಕು, 1500ನ್ನೂ ಅಲ್ಲ.

ಈಗ ಆ ಫಾರ್ವರ್ಡ್ ಸಲಹೆಗೆ ಬರೋಣ. ಎಸ್‌ಎಂಬಿ ಎನ್ನುವುದು ಕಂಪ್ಯೂಟರುಗಳು ಫೈಲು ಹಂಚಿಕೊಳ್ಳುವ ಭಾಷೆ. ಅದರ ಹಳೆಯ ಮೊದಲ ಆವೃತ್ತಿಯ ದೋಷವನ್ನು ಬಳಸಿಕೊಂಡೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಸುಮಾರು 150 ದೇಶಗಳಿಗೆ ಹಬ್ಬಿತು. ದೋಷ ಸರಿಪಡಿಸುವ ಅಪ್‌ಡೇಟ್ ಎರಡು ತಿಂಗಳ ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಸಾಮಾನ್ಯವಾಗಿ ಇರುವುದೇ ಇಲ್ಲ. ಅದನ್ನು ಮತ್ತೆ ಹಾಕಿ, ಮೇಲೆ ಫೈರ್‌ವಾಲೂ ತೆಗೆದರೆ ಕಳ್ಳನಿಗೆ ಬಾಗಿಲು ತೆರೆದು ದೀಪವನ್ನೂ ಹಚ್ಚಿಟ್ಟಂತೆ.

ಹಾಗಾದರೆ ಈ ಸಲಹೆಯಿಂದ ಕೆಲವರ ಡ್ರೈವ್ ಸರಿಹೋಗುವುದು ಹೇಗೆ? ಅವರ ಹಳೆಯ ಸ್ಟೋರೇಜ್ ಪೆಟ್ಟಿಗೆಗೆ ಎಸ್‌ಎಂಬಿ 1 ಬಿಟ್ಟರೆ ಬೇರೆ ಭಾಷೆ ಬಾರದು, ಅದಕ್ಕೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೂ ಬಿಗಿ. ಅದರ ಪ್ರೊ ಮಾದರಿ ಪಾಸ್‌ವರ್ಡ್ ಇಲ್ಲದ 'ಗೆಸ್ಟ್' ಹಂಚಿಕೆಯನ್ನು ಒಪ್ಪುವುದಿಲ್ಲ. ಅಪ್‌ಡೇಟ್ ಆದ ಮರುದಿನವೇ ಡ್ರೈವ್ ಕಾಣೆಯಾದರೆ ಕಾರಣ ಬಹುಮಟ್ಟಿಗೆ ಇದೇ. ಫೈಲ್ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಖಾತೆ ಮಾಡಿ ಅದರಿಂದ ಜೋಡಿಸಿ. ಸ್ಟೋರೇಜ್ ಪೆಟ್ಟಿಗೆಯಾದರೆ ಅದರ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಆಗದಷ್ಟು ಹಳೆಯದಾಗಿದ್ದರೆ ಫೈಲುಗಳನ್ನು ಬೇರೆಡೆಗೆ ಸಾಗಿಸಿ ಅದಕ್ಕೆ ನಿವೃತ್ತಿ ಕೊಡಿ.

ನಿಜವಾದ ದಾಳಿಯ ಲಕ್ಷಣ ಬೇರೆಯೇ ಇರುತ್ತದೆ. ಆಗ ಡ್ರೈವ್ ಸಲೀಸಾಗಿ ತೆರೆಯಬಹುದು. ಒಳಗಿನ ಫೈಲುಗಳ ಹೆಸರಿನ ಕೊನೆಗೆ ಏನೋ ಹೊಸ ಬಾಲ ಸೇರಿರುತ್ತದೆ, ಒಂದೂ ತೆರೆಯುವುದಿಲ್ಲ, ಹಣ ಕೇಳುವ ಚೀಟಿಯೊಂದು ಫೋಲ್ಡರಿನಲ್ಲಿ ಕಾಣುತ್ತದೆ. ಹಾಗಿದ್ದರೆ ಎಲ್ಲ ಯಂತ್ರಗಳ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಕಪ್ ಡಿಸ್ಕನ್ನು ಮಾತ್ರ ಆಗ ಯಾವ ಯಂತ್ರಕ್ಕೂ ಚುಚ್ಚಬೇಡಿ.