ಪಿಸ್ತೂಲಿನ ಜಾಡು ಹಿಡಿಯಿರಿ, ವಿಚಾರದ ಜಾಡನ್ನಲ್ಲ



2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ. ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲೇ ಡಾ. ಎಂ.ಎಂ. ಕಲಬುರ್ಗಿಯವರನ್ನು ಗುಂಡಿಕ್ಕಿ ಕೊಂದರು. ಸಮಗ್ರ ವಚನ ಸಂಪುಟಗಳನ್ನು ನಮ್ಮ ಕೈಗಿಟ್ಟ ವಿದ್ವಾಂಸರವರು. ಅವರ ಕೆಲವು ತೀರ್ಮಾನಗಳನ್ನು ನಮ್ಮವರೇ ಅನೇಕರು ಒಪ್ಪಿರಲಿಲ್ಲ. ಒಪ್ಪದವರಿಗೆ ಬರೆದು ಉತ್ತರಿಸುವ ದಾರಿ ತೆರೆದೇ ಇತ್ತು. ವಿಚಾರಕ್ಕೆ ಹೆದರಿ ಒಬ್ಬರನ್ನು ಕೊಂದು, ಉಳಿದವರ ಬಾಯಿ ಮುಚ್ಚಿಸುವುದು ಭಯೋತ್ಪಾದನೆಯಲ್ಲದೆ ಬೇರೇನೂ ಅಲ್ಲ.

ಆ ದಿನ ನನ್ನ ಬಾಯಿಂದ ಬಂದ ಮೊದಲ ಮಾತನ್ನು ಮುಚ್ಚಿಡುವುದಿಲ್ಲ. 'ಇಂಥವರಿಗೆ ವಿಚಾರಣೆ ಯಾಕೆ ಬೇಕು?' ಎಂದಿದ್ದೆ. ಆ ಮಾತಿಗೆ ನನಗೀಗ ನಾಚಿಕೆಯಿದೆ. ಕಾರಣವನ್ನು ನಿಮ್ಮ ಮುಂದಿಡುತ್ತೇನೆ.

ಎರಡು ವರ್ಷದ ನಂತರ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ಎರಡೂ ಕೊಲೆಗಳಿಗೆ ಬಳಸಿದ್ದು 7.65 ಎಂ.ಎಂ.ನ ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಅದನ್ನು ಯೋಚಿಸಿ ನೋಡಿ. ಧಾರವಾಡದಲ್ಲಿ ಸಿಡಿದ ಆಯುಧ ಎರಡು ವರ್ಷ ಯಾರ ಕೈಗೂ ಸಿಗದೆ ಉಳಿದು, ಬೆಂಗಳೂರಿನಲ್ಲಿ ಮತ್ತೆ ಸಿಡಿಯಿತು. ಮೊದಲ ಕೊಲೆಯ ನಂತರ ಅದರ ಜಾಡು ಹಿಡಿದಿದ್ದರೆ ಎರಡನೆಯ ಜೀವ ಉಳಿಯುತ್ತಿತ್ತೇನೋ.

ಆಯುಧಕ್ಕೆ ನಮ್ಮಲ್ಲಿ ಕಾನೂನಿಲ್ಲವೇ? ಇದೆ, ಬಿಗಿಯಾಗಿಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು 2019ರಲ್ಲಿ ತಿದ್ದುಪಡಿ ಮಾಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಲಾಯಿತು. ಅಕ್ರಮ ತಯಾರಿಕೆಗೆ ಕನಿಷ್ಠ ಶಿಕ್ಷೆ 3 ವರ್ಷದಿಂದ 7 ವರ್ಷಕ್ಕೆ ಏರಿತು. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಈ ಬಿಗಿ ತಟ್ಟುವುದು ಯಾರಿಗೆ? ಚುನಾವಣೆ ಬಂದರೆ ಕಾಡುಹಂದಿ ಓಡಿಸುವ ರೈತ ತನ್ನ ಪರವಾನಗಿಯ ಕೋವಿಯನ್ನು ಠಾಣೆಗೆ ಒಪ್ಪಿಸುತ್ತಾನೆ. ನಾಡ ಪಿಸ್ತೂಲಿಗೆ ಪರವಾನಗಿಯೂ ಇಲ್ಲ, ಒಪ್ಪಿಸುವವರೂ ಇಲ್ಲ. ಕೊಲೆಗಾರನ ಕೈಯಲ್ಲಿರುವುದು ಅದೇ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಬಂದೂಕಿನ ಪರವಾನಗಿ ರದ್ದು ಮಾಡಬೇಕಾದರೆ ಅಧಿಕಾರಿ ಕಾರಣವನ್ನು ಬರೆದಿಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯೆನಿಸದಿದ್ದರೆ, ಕೇಳಿದಾಗ ಕೊಡಬೇಕು. ಮೇಲ್ಮನವಿಗೂ ಅವಕಾಶವಿದೆ. ಅದೇ ಯುಎಪಿಎ ನೋಡಿ. 2019ರ ತಿದ್ದುಪಡಿಯಂತೆ ವ್ಯಕ್ತಿಯೊಬ್ಬನನ್ನು ವಿಚಾರಣೆಯಿಲ್ಲದೆ 'ಭಯೋತ್ಪಾದಕ' ಎಂದು ಘೋಷಿಸಬಹುದು. ಹೆಸರು ತೆಗೆಸಲು ಅವನು ಮೊದಲು ಅರ್ಜಿ ಹಾಕಬೇಕಾದ್ದು ಹೆಸರು ಸೇರಿಸಿದ ಸರ್ಕಾರಕ್ಕೇ. ದೋಷಾರೋಪ ಪಟ್ಟಿಯಿಲ್ಲದೆ 180 ದಿನ ಬಂಧನದಲ್ಲಿಡಬಹುದು. ಮೇಲ್ನೋಟಕ್ಕೆ ಆರೋಪ ನಿಜವೆನಿಸಿದರೆ ಜಾಮೀನೂ ಇಲ್ಲ. 84 ವರ್ಷದ ಸ್ಟ್ಯಾನ್ ಸ್ವಾಮಿ, ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುವ ಕೈಗಳೊಂದಿಗೆ, ವಿಚಾರಣೆ ಆರಂಭವಾಗುವ ಮುನ್ನವೇ 2021ರ ಜುಲೈ 5ರಂದು ಬಂಧನದಲ್ಲೇ ತೀರಿಕೊಂಡರು. ಮನುಷ್ಯನ ಸ್ವಾತಂತ್ರ್ಯಕ್ಕಿಂತ ಕೋವಿಯ ಪರವಾನಗಿಗೇ ಹೆಚ್ಚು ರಕ್ಷಣೆ ಇರುವುದು ಎಂಥ ನ್ಯಾಯ?

'ಕೊಲೆಗಡುಕರಿಗೂ ಇದೇ ಮರುಕವೇ?' ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 2024ರಲ್ಲಿ ಗೌರಿ ಹತ್ಯೆ ಪ್ರಕರಣದ ಆರೋಪಿಗಳು ಜಾಮೀನಿನ ಮೇಲೆ ಹೊರಬಂದಾಗ, ಬಸವಣ್ಣನವರು ಹುಟ್ಟಿದ ವಿಜಯಪುರ ಜಿಲ್ಲೆಯಲ್ಲಿ ಅವರಿಗೆ ಹಾರ ಹಾಕಿದರು. ಓದಿ ನನ್ನ ಹೊಟ್ಟೆ ಉರಿಯಿತು. ಆದರೆ ತಪ್ಪು ಹಾರದಲ್ಲಿದೆ, ಜಾಮೀನಿನಲ್ಲಿಲ್ಲ. ಆರು ವರ್ಷ ಕಳೆದರೂ ವಿಚಾರಣೆ ಮುಗಿಸದ ವ್ಯವಸ್ಥೆ ಯಾರನ್ನೇ ಆಗಲಿ ಒಳಗಿಟ್ಟುಕೊಂಡೇ ಇರುವುದು ನ್ಯಾಯವಲ್ಲ. ಕಲಬುರ್ಗಿಯವರ ಹೆಸರಿನಲ್ಲಂತೂ ಅದನ್ನು ಕೇಳಲಾರೆ.

ಪುಣೆಯ ದಾಭೋಲ್ಕರ್ ಪ್ರಕರಣವೂ ಇದನ್ನೇ ಹೇಳುತ್ತದೆ. 2013ರ ಹತ್ಯೆಗೆ 2024ರಲ್ಲಿ ತೀರ್ಪು ಬಂತು. ಇಬ್ಬರಿಗೆ ಜೀವಾವಧಿ ಶಿಕ್ಷೆಯಾದದ್ದು ಸಾಮಾನ್ಯ ಕೊಲೆ ಕಾನೂನಿನಡಿ. ಯುಎಪಿಎ ಆರೋಪ ನಿಲ್ಲಲಿಲ್ಲ. ನಮಗೆ ಕೊರತೆಯಿರುವುದು ಕಠಿಣ ಕಾನೂನಿನದಲ್ಲ, ಶ್ರದ್ಧೆಯ ತನಿಖೆಯದು.

ಕಲ್ಯಾಣವನ್ನು ನೆನೆಯೋಣ. ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆ ಕೊಟ್ಟದ್ದು ದಾರಿಗಳ್ಳರಲ್ಲ, ಅಂದಿನ ಅರಸೊತ್ತಿಗೆ. ಸಮಾಜದ ಕಟ್ಟು ಮುರಿದರೆಂಬುದೇ ಆರೋಪ. ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡು ಸೇರಿದ್ದು ಅರಸನ ದಂಡಿಗೆ ಹೆದರಿಯೇ. ಅಂಥ ಪರಂಪರೆಯವರು ನಾವು. ಬಂದೂಕಿಗೂ ಹೆದರಬೇಕು, ಅಂಕೆಯಿಲ್ಲದ ಅಧಿಕಾರಕ್ಕೂ ಹೆದರಬೇಕು.

ಆದ್ದರಿಂದ ನಾನು ಕೇಳುವುದಿಷ್ಟು. ನಾಡ ಪಿಸ್ತೂಲು ತಯಾರಾಗುವ ಕುಲುಮೆಯಿಂದ ಅದು ಸಾಗುವ ಕೈಗಳವರೆಗೆ ಜಾಡು ಹಿಡಿಯಿರಿ. ಸಿಡಿದ ಪ್ರತಿ ಗುಂಡನ್ನೂ ರಾಜ್ಯ ರಾಜ್ಯಗಳ ನಡುವೆ ಹೋಲಿಸಿ ನೋಡಿ. ಯಾರ ಸ್ವಾತಂತ್ರ್ಯ ಕಸಿದರೂ ಕಾರಣ ಕೊಡಿ, ಬೇಗ ವಿಚಾರಣೆ ಮುಗಿಸಿ. ಮಠಗಳಲ್ಲಿ ನಾವು ಮಾಡಬಹುದಾದದ್ದೂ ಒಂದಿದೆ: ಕೊಲೆ ಆರೋಪಿಗೆ ನಮ್ಮ ಊರಿನಲ್ಲಿ ಹಾರ ಬೀಳದಂತೆ, ಒಪ್ಪದ ಮಾತಿಗೆ ನಮ್ಮ ಅಂಗಳದಲ್ಲಿ ಜಾಗ ಸಿಗುವಂತೆ ನೋಡಿಕೊಳ್ಳುವುದು. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ.